ಕಲಿತದ್ದೆಷ್ಟು, ಕಲಿಯಬೇಕಾದದ್ದೆಷ್ಟು: ತರಬೇತಿ ಹುಡುಕಿಕೊಡುವ ಯಂತ್ರದ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ರೈತರಿಗೆ ಕೊಳವೆಬಾವಿ ಎಷ್ಟು ಮುಖ್ಯವೋ, ಅದರ ಮೋಟಾರು ಸುಟ್ಟಾಗ ಓಡಿಹೋಗಬೇಕಾದ ರಿವೈಂಡಿಂಗ್ ಅಂಗಡಿಯೂ ಅಷ್ಟೇ ಮುಖ್ಯ. ಅಲ್ಲಿ ಕೆಲಸಕ್ಕಿರುವ ಹುಡುಗ ಸುಟ್ಟ ಸುರುಳಿಯನ್ನು ಬಿಚ್ಚುವಾಗಲೇ ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ ಎಂದು ಲೆಕ್ಕವಿಟ್ಟುಕೊಳ್ಳುತ್ತಾನೆ. ನೀರೊಳಗೆ ಇಳಿಯುವ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು, ದಡದ ಮೇಲಿನ ಮೋಟಾರಿಗೆ ಎನಾಮಲ್ ತಂತಿ ಹಾಕಿ ವಾರ್ನಿಶ್ ಕುಡಿಸಬೇಕು ಎಂಬ ಭೇದ ಅವನಿಗೆ ಯಾವ ಪಠ್ಯಪುಸ್ತಕವನ್ನೂ ತೆರೆಯದೆ ಗೊತ್ತಿರುತ್ತದೆ. ಆದರೆ ಅದೇ ಹುಡುಗ ಉದ್ಯೋಗ ಮೇಳದಲ್ಲಿ ಅರ್ಜಿ ತುಂಬಿದರೆ, ವಿದ್ಯಾರ್ಹತೆಯ ಮುಂದೆ ‘ಎಸ್ಸೆಸ್ಸೆಲ್ಸಿ ಅನುತ್ತೀರ್ಣ’ ಎಂದೂ ಅನುಭವದ ಮುಂದೆ ‘ಇಲ್ಲ’ ಎಂದೂ ಬರೆದು ಬರುವ ಸಂಭವವೇ ಹೆಚ್ಚು. ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳ ಜನರೇಟರಿನೊಳಗೆ ಇರುವುದೂ ಅವನ ಕೈಗೆ ಪರಿಚಯವಿರುವ ತಾಮ್ರದ ಸುರುಳಿಯೇ ಎಂಬುದನ್ನು ಅವನಿಗೆ ಹೇಳುವವರಿಲ್ಲ, ಗಾಳಿಯಂತ್ರದ ನಿರ್ವಹಣೆಗೆ ತಂತ್ರಜ್ಞರನ್ನು ಹುಡುಕುವವರಿಗೂ ಹೇಳುವವರಿಲ್ಲ.

ಉದ್ಯೋಗಾಕಾಂಕ್ಷಿಗೂ ತರಬೇತಿಗೂ ಗಂಟು ಹಾಕುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ 2015ರಿಂದ ಇದೆ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಲ್ಲಿ ಆರಂಭವಾಯಿತು, ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ 2023ರಲ್ಲಿ ಬಂತು. ಹೀಗೆ ಮಾಹಿತಿಯ ರಾಶಿ ಬೆಳೆಯುತ್ತಿದೆ. ಆ ರಾಶಿಯಿಂದ ಒಬ್ಬ ವ್ಯಕ್ತಿಗೆ ತಕ್ಕ ತರಬೇತಿಯನ್ನು ಹೆಕ್ಕುವುದು ಹೇಗೆ ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ನಿಗೂಢವಲ್ಲ. ನನ್ನ ಅಭಿಪ್ರಾಯದಲ್ಲಿ, ಇದರ ಗಣಿತ ಸುಲಭದ ಭಾಗ. ಯಂತ್ರಕ್ಕೆ ಏನನ್ನು ತೋರಿಸುತ್ತೇವೆ, ಯಾವುದನ್ನು ಯಶಸ್ಸು ಎಂದು ಹೇಳಿಕೊಡುತ್ತೇವೆ ಎಂಬುದೇ ಕಷ್ಟದ ಭಾಗ.

ಮೊದಲು ಗಣಿತವನ್ನೇ ನೋಡೋಣ. ವೃತ್ತಿಗಳನ್ನು ವಿಂಗಡಿಸಲು ನಮ್ಮಲ್ಲಿ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವಿದೆ. ಪ್ರತಿ ವೃತ್ತಿಗೂ ಎಂಟು ಅಂಕಿಗಳ ಸಂಕೇತವಿದ್ದು, ಮೊದಲ ನಾಲ್ಕು ಅಂಕಿಗಳು ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ಹೊಂದಿಕೊಂಡಿವೆ. ಅದರ ಪ್ರಕಾರ ದರ್ಜಿಗಳು 7531ರ ಗುಂಪಿಗೆ ಸೇರಿದರೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರ ನಡೆಸುವವರು 8153ರ ಗುಂಪಿಗೆ ಸೇರುತ್ತಾರೆ. ಮೊದಲನೆಯದು ಕುಶಲಕರ್ಮಿಗಳ ವಿಭಾಗ, ಎರಡನೆಯದು ಯಂತ್ರ ಚಾಲಕರ ವಿಭಾಗ. ಜಗಳೂರಿನ ಮನೆಯಲ್ಲಿ ಕೂತು ರವಿಕೆ ಹೊಲಿಯುವ ಮಹಿಳೆ ದಾವಣಗೆರೆಯ ಗಾರ್ಮೆಂಟ್ಸ್ ಕೆಲಸಕ್ಕೆ ಎಷ್ಟು ಹತ್ತಿರದಲ್ಲಿದ್ದಾಳೆ ಎಂಬುದನ್ನು ಈ ಸಂಕೇತಗಳು ಹೇಳಲಾರವು, ಏಕೆಂದರೆ ಇವು ಗೋಡೆ ಕಟ್ಟಿ ಬೇರ್ಪಡಿಸುವುದಕ್ಕೆಂದು ಮಾಡಿದವೇ ಹೊರತು ಅಂತರ ಅಳೆಯುವುದಕ್ಕೆಂದು ಅಲ್ಲ.

ಅಂತರ ಅಳೆಯಬೇಕಾದರೆ ವೃತ್ತಿಯನ್ನು ಕೌಶಲಗಳಾಗಿ ಒಡೆಯಬೇಕು. ಯುರೋಪಿನ ಎಸ್ಕೊ ಎಂಬ ಕೋಶ ಸುಮಾರು 3,000 ವೃತ್ತಿಗಳನ್ನೂ 13,000ಕ್ಕೂ ಹೆಚ್ಚು ಕೌಶಲಗಳನ್ನೂ ಪಟ್ಟಿಮಾಡಿ, ಯಾವ ವೃತ್ತಿಗೆ ಯಾವ ಕೌಶಲ ಅತ್ಯಗತ್ಯ, ಯಾವುದು ಇದ್ದರೆ ಒಳಿತು ಎಂದು ಬಿಡಿಸಿಟ್ಟಿದೆ. ಹೀಗೆ ಒಡೆದ ಮೇಲೆ ಪ್ರತಿ ವ್ಯಕ್ತಿಯೂ ಪ್ರತಿ ಕೆಲಸವೂ ಅಂಕಿಗಳ ಒಂದು ಸಾಲಾಗುತ್ತದೆ, ಇದೇ ವೆಕ್ಟರ್. ಉದಾಹರಣೆಗೆ ಅಳತೆ, ಕತ್ತರಿಸುವಿಕೆ, ಯಂತ್ರದ ಹಿಡಿತ, ಲೈನಿನ ವೇಗ ಎಂಬ ನಾಲ್ಕೇ ಕೌಶಲಗಳಿಗೆ ಐದರೊಳಗೆ ಅಂಕ ಕೊಡೋಣ. ನಮ್ಮ ಜಗಳೂರಿನ ಮಹಿಳೆಗೆ 5, 5, 4, 1 ಸಿಗಲಿ. ಗಾರ್ಮೆಂಟ್ಸ್‌ನ ಆಪರೇಟರ್ ಕೆಲಸ ಕೇಳುವುದು 1, 1, 5, 5 ಎಂದೂ ಕಟಿಂಗ್ ಮಾಸ್ಟರ್ ಕೆಲಸ ಕೇಳುವುದು 5, 5, 2, 2 ಎಂದೂ ಇಟ್ಟುಕೊಳ್ಳೋಣ. ಎರಡು ಸಾಲುಗಳ ನಡುವಿನ ಕೋನದ ಕೊಸೈನ್ ಲೆಕ್ಕ ಹಾಕಿದರೆ ಆಪರೇಟರ್ ಕೆಲಸದೊಂದಿಗೆ ಅವಳ ಸಾಮ್ಯ 0.59, ಕಟಿಂಗ್ ಮಾಸ್ಟರ್ ಕೆಲಸದೊಂದಿಗೆ 0.96. ಒಂದಕ್ಕೆ ಹತ್ತಿರವಾದಷ್ಟೂ ಸಾಮ್ಯ ಹೆಚ್ಚು. ಯಂತ್ರ ನೇರವಾಗಿ ಕಟಿಂಗ್ ತರಬೇತಿಯತ್ತ ಬೆರಳು ತೋರಿಸುತ್ತದೆ.

ಎಡವುವುದು ಇಲ್ಲಿಯೇ. ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಕತ್ತರಿಸುವವರು ಕೆಲವರಷ್ಟೇ, ಹೊಲಿಯುವವರು ಸಾಲು ಸಾಲು. ಸಾಮ್ಯ ಹೆಚ್ಚಿದ್ದ ಮಾತ್ರಕ್ಕೆ ಕೆಲಸ ಖಾಲಿಯಿರುತ್ತದೆ ಎಂದೇನಿಲ್ಲ. ಇನ್ನೂ ಒಂದು ತೊಡಕಿದೆ. ಕೊಸೈನ್ ದಿಕ್ಕನ್ನು ಮಾತ್ರ ನೋಡುತ್ತದೆ, ಪ್ರಮಾಣವನ್ನು ನೋಡುವುದಿಲ್ಲ. ಹೊಸದಾಗಿ ಸೂಜಿ ಹಿಡಿದವಳೂ ಹತ್ತು ವರ್ಷ ಹೊಲಿದವಳೂ ಒಂದೇ ಸಾಮ್ಯವನ್ನು ಪಡೆದುಬಿಡಬಹುದು. ಆದ್ದರಿಂದ ಒಳ್ಳೆಯ ವ್ಯವಸ್ಥೆ ಸಾಮ್ಯದ ಜೊತೆಗೆ ಕೊರತೆಯನ್ನೂ ಕಳೆದು ನೋಡುತ್ತದೆ. ಆಪರೇಟರ್ ಕೆಲಸಕ್ಕೆ ಅವಳಲ್ಲಿ ಇಲ್ಲದಿರುವುದು ಯಂತ್ರದ ಹಿಡಿತದಲ್ಲಿ 1, ವೇಗದಲ್ಲಿ 4. ಎಂದರೆ ಹೊಲಿಗೆಯನ್ನು ಅಕ್ಷರಮಾಲೆಯಿಂದ ಕಲಿಸುವ ದೀರ್ಘ ತರಬೇತಿ ಅವಳಿಗೆ ಬೇಡ. ವಿದ್ಯುತ್ ಯಂತ್ರದ ಮೇಲೆ ಕೂರಿಸಿ ವೇಗ ಕಲಿಸಿದರೆ ಸಾಕು. ಬಲ್ಲದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿಯೇ ಇದೆ. ಈ ಕಳೆಯುವ ಲೆಕ್ಕಕ್ಕೆ ಅದು ಸಹಜ ಜೋಡಿ.

ಅಂಕ ಕೊಡುವವರು ಯಾರು? ಪ್ರತಿಯೊಬ್ಬರಿಗೂ ಕೈಯಿಂದ ಅಂಕ ಕೊಡುವುದು ಅಸಾಧ್ಯ. ಗೂಗಲ್‌ನಲ್ಲಿದ್ದ ಟೊಮಾಶ್ ಮಿಕೊಲೊವ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ವರ್ಡ್‌ಟುವೆಕ್ ವಿಧಾನ, ಅಕ್ಕಪಕ್ಕದಲ್ಲಿ ಬರುವ ಪದಗಳನ್ನು ಗಮನಿಸಿಯೇ ಪ್ರತಿ ಪದಕ್ಕೂ ಒಂದು ವೆಕ್ಟರ್ ಕಟ್ಟಬಹುದೆಂದು ತೋರಿಸಿತು. ಇಂದಿನ ಭಾಷಾ ಮಾದರಿಗಳು ಇಡೀ ವಾಕ್ಯವನ್ನೇ ಹೀಗೆ ವೆಕ್ಟರ್ ಆಗಿಸುತ್ತವೆ. ಆದರೆ ಈ ಮಾದರಿಗಳು ಓದಿಕೊಂಡ ಬರಹದ ಬಹುಪಾಲು ಇಂಗ್ಲಿಷಿನದು. ‘ಸ್ಟೇಟರ್ ಬಿಚ್ಚಿ ಕಾಯಿಲ್ ಇಳಿಸ್ತೀನಿ ಸಾರ್’ ಎಂದು ಚಳ್ಳಕೆರೆಯ ಹುಡುಗ ಹೇಳಿದ್ದನ್ನು ವಿದ್ಯುತ್ ಯಂತ್ರ ದುರಸ್ತಿಯ ಕೌಶಲವೆಂದು ಗುರುತಿಸಬೇಕಾದರೆ ಇಂಥ ಮಾತು ಮಾದರಿಯ ಕಿವಿಗೆ ಮೊದಲೇ ಬಿದ್ದಿರಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಭಾರತೀಯ ಭಾಷೆಗಳ ಧ್ವನಿ ಮತ್ತು ಅನುವಾದಕ್ಕೆ ತಳಪಾಯ ಹಾಕುತ್ತಿದೆ. ಅದಕ್ಕೆ ಬೇಕಾದ ಮಾತಿನ ಸಂಗ್ರಹ ಸ್ಟುಡಿಯೋದ ಶುದ್ಧ ಕನ್ನಡದಲ್ಲಷ್ಟೇ ಆದರೆ ಗ್ಯಾರೇಜಿನ ಕನ್ನಡ ಹೊರಗೇ ಉಳಿಯುತ್ತದೆ. ಹಾಗಾಗಿ ಅರ್ಜಿ ನಮೂನೆಗಿಂತ, ‘ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಕೆಲಸ ಮಾಡಿದಿರಿ’ ಎಂದು ಕೇಳಿ ಉತ್ತರವನ್ನು ಧ್ವನಿಯಲ್ಲೇ ದಾಖಲಿಸಿಕೊಳ್ಳುವ ಪದ್ಧತಿಯೇ ಮೇಲು. ‘ಇಲ್ಲ’ ಎಂದು ಬರೆದ ಅನುಭವ ಅಲ್ಲಿ ಹೊರಗೆ ಬರುತ್ತದೆ.

ಸೀಟುಗಳ ಹಂಚಿಕೆಯದು ಬೇರೆಯೇ ಗಣಿತ. ಯಂತ್ರ ನೂರಾರು ಜನರಿಗೂ ಒಂದೇ ಜನಪ್ರಿಯ ತರಬೇತಿಯನ್ನು ಸೂಚಿಸಿದರೆ ತರಗತಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಅಮೆರಿಕದ ಗಣಿತಜ್ಞರಾದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿಯೇ ಇದಕ್ಕೊಂದು ಸೊಗಸಾದ ಉಪಾಯ ಕೊಟ್ಟರು. ಪ್ರತಿ ಅಭ್ಯರ್ಥಿ ತನ್ನ ಮೊದಲ ಆಯ್ಕೆಯ ಕೇಂದ್ರಕ್ಕೆ ಅರ್ಜಿ ಹಾಕುತ್ತಾನೆ. ಕೇಂದ್ರ ಇರುವ ಸೀಟುಗಳಷ್ಟು ಜನರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಬಿಡುತ್ತದೆ. ಹೀಗೆ ಜಾಗ ಸಿಗದವರು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ. ಹೊಸದಾಗಿ ಬಂದವರು ಹೆಚ್ಚು ಸೂಕ್ತರಾಗಿದ್ದರೆ ಇಟ್ಟುಕೊಂಡವರಲ್ಲಿ ಒಬ್ಬರು ಜಾಗ ಬಿಡಬೇಕಾಗುತ್ತದೆ. ಸುತ್ತುಗಳೆಲ್ಲ ಮುಗಿದಾಗ, ತಮಗೆ ಸಿಕ್ಕಿದ್ದಕ್ಕಿಂತ ಪರಸ್ಪರರನ್ನೇ ಹೆಚ್ಚು ಬಯಸುವ ಅಭ್ಯರ್ಥಿ ಮತ್ತು ಕೇಂದ್ರದ ಜೋಡಿ ಒಂದೂ ಉಳಿದಿರುವುದಿಲ್ಲ. ಈ ದಿಕ್ಕಿನ ಕೆಲಸಕ್ಕಾಗಿ ಶಾಪ್ಲಿ ಮತ್ತು ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅದಕ್ಕೂ ಮೊದಲೇ, 2008ರಲ್ಲಿ, ತೀರಿಕೊಂಡಿದ್ದರು.

ಇನ್ನು ಯಶಸ್ಸಿನ ವ್ಯಾಖ್ಯೆ. ಆಸ್ಟ್ರಿಯಾದ ಉದ್ಯೋಗ ಸೇವಾ ಸಂಸ್ಥೆ ಹಳೆಯ ದಾಖಲೆಗಳ ಆಧಾರದ ಮೇಲೆ ನಿರುದ್ಯೋಗಿಗಳನ್ನು ಮೂರು ಗುಂಪು ಮಾಡುವ ಸೂತ್ರವೊಂದನ್ನು ರೂಪಿಸಿತ್ತು. ಕೆಲಸ ಸಿಗುವ ಸಂಭವ ಮಧ್ಯಮವಾಗಿರುವವರ ಮೇಲೆ ತರಬೇತಿಯ ಹಣವನ್ನು ಹೆಚ್ಚಾಗಿ ಹಾಕುವುದು ಅದರ ಉದ್ದೇಶ. ಆ ಸೂತ್ರದಲ್ಲಿ ಹೆಣ್ಣಾಗಿರುವುದಕ್ಕೇ ಅಂಕ ಕಳೆಯುತ್ತಿತ್ತು. ಮನೆಯವರನ್ನು ನೋಡಿಕೊಳ್ಳುವ ಹೊಣೆ ಇದ್ದರೆ ಇನ್ನಷ್ಟು ಕಳೆಯುತ್ತಿತ್ತು, ಅದೂ ಹೆಂಗಸರಿಗೆ ಮಾತ್ರ. ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಅದಕ್ಕೆ ತಡೆ ಹಾಕಿತು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಸೂತ್ರ ಸುಳ್ಳು ಹೇಳಿರಲಿಲ್ಲ ಎಂಬುದೇ ಇದರಲ್ಲಿ ಗಮನಿಸಬೇಕಾದ ಸಂಗತಿ. ಮಾರುಕಟ್ಟೆ ಹೆಂಗಸರಿಗೆ ಕಡಿಮೆ ಕೆಲಸ ಕೊಟ್ಟಿತ್ತು, ಸೂತ್ರ ಅದನ್ನೇ ಭವಿಷ್ಯವೆಂದು ಒಪ್ಪಿಸಿತು. ಯುರೋಪಿನ ಒಕ್ಕೂಟ 2024ರ ತನ್ನ ಕೃತಕ ಬುದ್ಧಿಮತ್ತೆ ಕಾಯ್ದೆಯಲ್ಲಿ ಉದ್ಯೋಗ ನೇಮಕಾತಿಗೆ ಬಳಸುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರಬಹುದು. ಪ್ರಮಾಣಪತ್ರಗಳ ಸಂಖ್ಯೆಯನ್ನೇ ಯಶಸ್ಸೆಂದು ಕಲಿಸಿದರೆ, ಬೇಗ ಮುಗಿಯುವ, ಸುಲಭವಾಗಿ ತೇರ್ಗಡೆಯಾಗುವ ತರಬೇತಿಗಳನ್ನೇ ಯಂತ್ರ ಎಲ್ಲರಿಗೂ ಸೂಚಿಸುತ್ತದೆ. ಆರು ತಿಂಗಳ ನಂತರವೂ ಕೆಲಸದಲ್ಲಿದ್ದಾರೆಯೇ, ಕೂಲಿ ಏರಿದೆಯೇ ಎಂದು ಕೇಳಿ ಆ ಉತ್ತರವನ್ನು ಯಂತ್ರಕ್ಕೆ ಉಣಿಸಿದರೆ ಸೂಚನೆಗಳೇ ಬದಲಾಗುತ್ತವೆ. ಆದರೆ ಹೀಗೆ ಬೆನ್ನು ಹತ್ತಿ ವಿಚಾರಿಸುವುದಕ್ಕೆ ಜನ ಬೇಕು, ದುಡ್ಡು ಬೇಕು, ಹಾಗಾಗಿ ಆ ಕೆಲಸ ಬಿಟ್ಟುಹೋಗುವುದೇ ಹೆಚ್ಚು. ಜಗಳೂರಿನ ಹಳ್ಳಿಗಳಿಂದ ದಾವಣಗೆರೆಗೆ ಬರುವ ಹೆಣ್ಣುಮಕ್ಕಳು ತರಬೇತಿಯನ್ನು ನಡುವೆಯೇ ಬಿಡುತ್ತಾರೆ ಎಂದು ದಾಖಲೆಯಲ್ಲಿ ಕಂಡರೆ, ಯಂತ್ರ ಮುಂದಿನ ಬಾರಿ ಅವರ ಹೆಸರನ್ನು ಪಟ್ಟಿಯ ಕೆಳಕ್ಕೆ ತಳ್ಳುತ್ತದೆ. ಸಂಜೆ ಐದೂವರೆಗೆ ತರಗತಿ ಮುಗಿದು ಊರಿನ ಕೊನೆಯ ಬಸ್ಸು ಐದಕ್ಕೇ ಹೊರಟಿದ್ದರೆ, ಆ ಕಾರಣ ದಾಖಲೆಯ ಯಾವ ಅಂಕಣದಲ್ಲೂ ಇರುವುದಿಲ್ಲ. ಬಿಟ್ಟುಹೋದವರ ಊರು, ಬಸ್ಸಿನ ಸಮಯ, ತರಗತಿಯ ಸಮಯ ಇವಿಷ್ಟನ್ನೂ ಒಟ್ಟಿಗೆ ಕೊಟ್ಟರೆ ಅದೇ ಯಂತ್ರ ಇವುಗಳ ನಡುವಿನ ನಂಟನ್ನು ಕ್ಷಣದಲ್ಲಿ ಪತ್ತೆಮಾಡುತ್ತದೆ. ಆಗ ಬದಲಾಯಿಸಬೇಕಾದದ್ದು ಅಭ್ಯರ್ಥಿಗಳ ಪಟ್ಟಿಯನ್ನಲ್ಲ, ತರಗತಿಯ ವೇಳಾಪಟ್ಟಿಯನ್ನು ಎಂದು ಕೇಂದ್ರದವರಿಗೂ ತಿಳಿಯುತ್ತದೆ.