ಲೀಸ್ 80 ವರ್ಷಕ್ಕಿಂತ ಕೆಳಗಿಳಿಯುವ ಮುನ್ನ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡವರ ಕೈಗೆ ಸಾಮಾನ್ಯವಾಗಿ ಬರುವುದು ಲೀಸ್, ಅಂದರೆ ನಿಗದಿತ ವರ್ಷಗಳ ಹಕ್ಕು, ಮಾತ್ರ. ಕಟ್ಟಡ, ನೆಲ ಎರಡೂ ಫ್ರೀಹೋಲ್ಡರ್‌ನ ಸೊತ್ತು. ಅವಧಿ ಕರಗಿದಂತೆ ಫ್ಲ್ಯಾಟಿನ ಬೆಲೆ ಇಳಿಯುತ್ತದೆ, ಸಾಲ ಕೊಡಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಇದಕ್ಕೆ 1993ರ ಕಾಯ್ದೆಯಲ್ಲಿ ಪರಿಹಾರವಿದೆ: ಫ್ರೀಹೋಲ್ಡರ್‌ಗೆ ಪ್ರೀಮಿಯಂ (ವಿಸ್ತರಣೆಯ ಬೆಲೆ) ಕಟ್ಟಿದರೆ ಉಳಿದ ಅವಧಿಗೆ 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ (ಅವರಿಗೆ ಪ್ರತಿವರ್ಷ ಕೊಡುವ ನೆಲಬಾಡಿಗೆ) ಸೊನ್ನೆಯಾಗುತ್ತದೆ. ಲೀಸ್ ಮೂಲತಃ 21 ವರ್ಷಕ್ಕಿಂತ ಹೆಚ್ಚಿನದಾಗಿರಬೇಕು. ಎರಡು ವರ್ಷ ಮಾಲೀಕರಾಗಿರಬೇಕೆಂಬ ಷರತ್ತು 2025ರ ಜನವರಿ 31ರಂದು ಹೋಯಿತು. ಅಲ್ಲೇ ವಾಸವಿರಬೇಕೆಂದೂ ಇಲ್ಲ. ಲಂಡನ್ನಿನ ಹ್ಯಾರೋದ ಫ್ಲ್ಯಾಟನ್ನು ಬಾಡಿಗೆಗೆ ಬಿಟ್ಟು ಬೆಂಗಳೂರಿಗೆ ಮರಳಿದವರಿಗೂ ಈ ಹಕ್ಕುಂಟು.

ಮೊದಲು ನೋಡಬೇಕಾದದ್ದು ದಿನಾಂಕ. ಲೀಸಿಗೆ ಸಹಿ ಬಿದ್ದ ದಿನವೇ ಬೇರೆ, ಅವಧಿ ಶುರುವಾಗುವ ದಿನವೇ ಬೇರೆ. 2009ರ ಅಕ್ಟೋಬರಿನಲ್ಲಿ ಸಹಿಯಾದ ಲೀಸಿನಲ್ಲಿ ‘2008ರ ಜನವರಿ 1ರಿಂದ 99 ವರ್ಷ’ ಎಂದಿದ್ದರೆ, 2026 ಮುಗಿಯುವ ಹೊತ್ತಿಗೇ 80 ವರ್ಷ ಮಾತ್ರ ಉಳಿದಿರುತ್ತದೆ. ಸಹಿಯಿಂದ ಎಣಿಸಿದವರು ಇನ್ನೂ ಎರಡು ವರ್ಷ ಸಮಯವಿದೆ ಎಂದುಕೊಂಡು ಆರಾಮಾಗಿರುತ್ತಾರೆ.

80ರ ಗೆರೆ ಏಕೆ ಮುಖ್ಯ? ಅದರ ಕೆಳಗೆ ಇಳಿದರೆ ಪ್ರೀಮಿಯಂಗೆ ಮ್ಯಾರೇಜ್ ವ್ಯಾಲ್ಯೂ ಸೇರಿಕೊಳ್ಳುತ್ತದೆ. ಲೀಸ್ ಉದ್ದವಾದ್ದರಿಂದ ಒಟ್ಟಾರೆ ಹೆಚ್ಚುವ ಬೆಲೆಯಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಲೆಕ್ಕ ಹಾಕಿಯೇ ನೋಡೋಣ. ಫ್ಲ್ಯಾಟಿಗೆ ದೀರ್ಘ ಲೀಸಿನಲ್ಲಿ 3 ಲಕ್ಷ ಪೌಂಡ್ ಬೆಲೆ, ಗ್ರೌಂಡ್ ರೆಂಟ್ ವರ್ಷಕ್ಕೆ 200 ಪೌಂಡ್, ಮುಂದೆ ಬರುವ ಆ ಬಾಡಿಗೆಯನ್ನು ಇಂದಿನ ಬೆಲೆಗೆ ಇಳಿಸಲು 6% ದರ. ಲೀಸ್ ಮುಗಿದಾಗ ಫ್ಲ್ಯಾಟ್ ಫ್ರೀಹೋಲ್ಡರ್‌ಗೆ ಮರಳುವ ಹಕ್ಕಿಗೆ, ಸ್ಪೋರ್ಟೆಲಿ ಎಂಬ ಪ್ರಕರಣದ ತೀರ್ಪಿನ ನಂತರ ವಾಡಿಕೆಯಾದ 5% ದರ. 81 ವರ್ಷ ಉಳಿದಿದ್ದರೆ ಪ್ರೀಮಿಯಂ ಸುಮಾರು 9,000 ಪೌಂಡ್. 78ಕ್ಕೆ ಇಳಿದು, ಆಗಿನ ಬೆಲೆ ದೀರ್ಘ ಲೀಸಿನ ಬೆಲೆಯ 93% ಎಂದು ಹಿಡಿದರೆ ಅದೇ ಪ್ರೀಮಿಯಂ 15,400ರ ಆಸುಪಾಸಿಗೆ ಹೋಗುತ್ತದೆ. ನಿಜವಾದ ಜಗಳವೆಲ್ಲ ಈ 93ರ ಸುತ್ತಲೇ. ಹಾಗಾಗಿ ಆನ್‌ಲೈನ್ ಕ್ಯಾಲ್ಕ್ಯುಲೇಟರ್ ನಂಬಿ ಕೂರದೆ, ಈ ಕೆಲಸದಲ್ಲೇ ಪಳಗಿದ ಸರ್ವೇಯರ್‌ರಿಂದ ಮೌಲ್ಯಮಾಪನ ಮಾಡಿಸಿ.

ಮುಂದಿನದು ಸೆಕ್ಷನ್ 42 ನೋಟಿಸ್, ಅಂದರೆ ವಿಸ್ತರಣೆ ಕೇಳಿ ಆ ಕಾಯ್ದೆಯಡಿ ಫ್ರೀಹೋಲ್ಡರ್‌ಗೆ ಕೊಡುವ ನೋಟಿಸ್. ಮೌಲ್ಯಮಾಪನದ ದಿನಾಂಕ ಅಲ್ಲಿಗೆ ಗಟ್ಟಿಯಾಗುತ್ತದೆ. ಮಾತುಕತೆ ಎಷ್ಟೇ ಎಳೆದರೂ ಉಳಿದ ಅವಧಿಯನ್ನು ನೋಟಿಸ್ ಮುಟ್ಟಿಸಿದ ದಿನದಿಂದಲೇ ಎಣಿಸುತ್ತಾರೆ. ಅದರಲ್ಲಿ ನೀವು ಕೊಡುವ ಮೊತ್ತ ನಂಬುವಂತಿರಬೇಕು. ಕಡೊಗನ್ ವಿರುದ್ಧ ಮೋರಿಸ್ ಪ್ರಕರಣದಲ್ಲಿ 100 ಪೌಂಡ್ ಎಂದು ಬರೆದ ನೋಟಿಸೇ ಅಸಿಂಧುವಾಯಿತು. ಉತ್ತರಕ್ಕೆ ಕನಿಷ್ಠ ಎರಡು ತಿಂಗಳು ಕೊಡಬೇಕು. ನಿಮ್ಮ ಪರವಾಗಿ ನಡೆದುಕೊಳ್ಳುವವರ ಇಂಗ್ಲೆಂಡ್ ಅಥವಾ ವೇಲ್ಸ್ ವಿಳಾಸವೂ ಬೇಕು. ಊರಿಗೆ ಮರಳಿದವರು ಸಾಲಿಸಿಟರ್ (ವಕೀಲರ) ವಿಳಾಸವನ್ನೇ ಕೊಡಲಿ. ಫ್ಲ್ಯಾಟಿಗೆ ಬಂದ ಕಾಗದವನ್ನು ಬಾಡಿಗೆದಾರ ಮೂಲೆಗೆಸೆದರೆ ಗಡುವೇನೂ ನಿಲ್ಲುವುದಿಲ್ಲ. ನೋಟಿಸನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಿಸಿಬಿಡಿ. ನಡುವೆ ಫ್ರೀಹೋಲ್ಡ್ ಮಾರಾಟವಾದರೆ ಹೊಸ ಮಾಲೀಕ ‘ನನಗೆ ಗೊತ್ತಿಲ್ಲ’ ಎನ್ನಲಾಗದು.

ನೋಟಿಸಿನಲ್ಲಿ ನೀವು ಬರೆದ ಮೊತ್ತದ 10% ಅಥವಾ 250 ಪೌಂಡ್, ಯಾವುದು ಹೆಚ್ಚೋ ಅಷ್ಟು ಠೇವಣಿಯನ್ನು ಫ್ರೀಹೋಲ್ಡರ್ ಕೇಳಬಹುದು. ಕಟ್ಟಲು 14 ದಿನ. ಅವರ ವಕೀಲರ ಮತ್ತು ಸರ್ವೇಯರ್‌ರ ನ್ಯಾಯವಾದ ಖರ್ಚೂ ನಿಮ್ಮ ತಲೆಗೇ. ಇದು ಅನ್ಯಾಯವೆನಿಸಿದರೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ಫ್ರೀಹೋಲ್ಡರ್‌ನ ಉತ್ತರವಾದ ಪ್ರತಿನೋಟಿಸ್ ಬಂದಮೇಲೆ ಎರಡು ತಿಂಗಳು ಚೌಕಾಸಿ. ಒಪ್ಪಂದವಾಗದಿದ್ದರೆ, ಪ್ರತಿನೋಟಿಸ್ ಕೊಟ್ಟ ದಿನದಿಂದ ಆರು ತಿಂಗಳೊಳಗೆ ಇಂಗ್ಲೆಂಡ್‌ನಲ್ಲಿ ಫಸ್ಟ್-ಟಿಯರ್ ಟ್ರಿಬ್ಯುನಲ್‌ಗೆ, ವೇಲ್ಸ್‌ನಲ್ಲಿ ಲೀಸ್‌ಹೋಲ್ಡ್ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಲೇಬೇಕು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ‘ಇನ್ನೇನು ಮುಗಿಯುತ್ತೆ’ ಎಂಬ ಇಮೇಲುಗಳ ನಡುವೆ ಆರನೇ ತಿಂಗಳು ಕಳೆದರೆ ನೋಟಿಸ್ ಹಿಂಪಡೆದಂತೆ. ಹೊಸದಕ್ಕೆ 12 ತಿಂಗಳು ಕಾಯಬೇಕು, ಅಷ್ಟರಲ್ಲಿ ಲೀಸ್ 80ರ ಕೆಳಗೆ ಇಳಿದಿರಬಹುದು. ಮಾತು ಕುದುರುತ್ತಿದ್ದರೂ ಅರ್ಜಿ ಹಾಕಿಡಿ.

ನೋಟಿಸಿಲ್ಲದೆ, ‘125 ವರ್ಷಕ್ಕೆ ಏರಿಸಿಕೊಡುತ್ತೇವೆ, ಪ್ರೀಮಿಯಂ ಕಡಿಮೆ’ ಎಂಬ ಆಹ್ವಾನವೂ ಫ್ರೀಹೋಲ್ಡರ್‌ನಿಂದ ಬರುತ್ತದೆ. ಅದು 125 ವರ್ಷ ಸೇರುವುದೋ, ಒಟ್ಟು 125 ಆಗುವುದೋ ಮೊದಲು ಕೇಳಿ. 2022ರ ಜೂನ್ 30ರಿಂದ ಹೀಗೆ ಸೇರಿಸಿದ ಅವಧಿಗೆ ಗ್ರೌಂಡ್ ರೆಂಟ್ ಹಾಕುವಂತಿಲ್ಲ. ಹಳೆಯ ಅವಧಿ ಮುಗಿಯುವತನಕ ಹಳೆಯ ಬಾಡಿಗೆ ಮುಂದುವರಿಯಬಹುದು. ಈ ದಾರಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕು.

2024ರ ಮೇ ತಿಂಗಳಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ 990 ವರ್ಷದ ವಿಸ್ತರಣೆ, ಮ್ಯಾರೇಜ್ ವ್ಯಾಲ್ಯೂ ರದ್ದು ಎರಡೂ ಇವೆ. ಆದರೆ ಅವು ಜಾರಿಗೆ ಬರಲು ಪ್ರತ್ಯೇಕ ನಿಯಮಗಳು ಬೇಕು. ನನ್ನ ಸಲಹೆ: 81–82 ವರ್ಷ ಉಳಿದವರು ಅದಕ್ಕಾಗಿ ಕಾಯಬೇಡಿ. ಈಗಾಗಲೇ 80ರ ಕೆಳಗಿದ್ದು, ಮಾರುವ ಅಥವಾ ಸಾಲ ಬದಲಿಸುವ ತುರ್ತಿಲ್ಲದವರು ಕಾದು ನೋಡಬಹುದು. 95 ಮೀರಿದವರಿಗೆ ಸದ್ಯ ಯಾವ ಅವಸರವೂ ಇಲ್ಲ.