ನೊರೆಯ ಲೆಕ್ಕ

ಮೇ ತಿಂಗಳು ಬಂತೆಂದರೆ ಠಾಣೆಯ ಘೋಡ್‌ಬಂದರ್ ರಸ್ತೆಯ ಕಟ್ಟಡಗಳ ಮುಂದೆ ಟ್ಯಾಂಕರುಗಳ ಸಾಲು ನಿಲ್ಲುತ್ತದೆ. ಮುಂಬಯಿಯ ಮಾಟುಂಗದ ಹಳೆಯ ಮನೆ ಬಿಟ್ಟು ನಾವು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ವಿಚಿತ್ರ ಕಂಡಿತು. ಅದೇ ಬಟ್ಟೆ, ಅದೇ ಪುಡಿ, ಅದೇ ಬಕೆಟ್. ನೊರೆ ಮಾತ್ರ ಏಳುತ್ತಿಲ್ಲ. ನಮ್ಮಲ್ಲಿ ಬಟ್ಟೆ ಪಾತ್ರೆಯ ಕೆಲಸಕ್ಕೆ ಬರುವ ಕಲಬುರಗಿ ಕಡೆಯ ಅಕ್ಕ ಒಂದು ಹಿಡಿ ಹಾಕುವಲ್ಲಿ ಎರಡು ಹಿಡಿ ಹಾಕತೊಡಗಿದರು. ತಿಂಗಳ ಕಿರಾಣಿ ಚೀಟಿಯಲ್ಲಿ ಪುಡಿಯ ಲೆಕ್ಕ ದುಪ್ಪಟ್ಟಾಯಿತು. ಅದನ್ನು ನಾನು ಗಮನಿಸಿದೆ. ಆದರೆ ಅವರ ಬೆರಳ ಸಂದುಗಳು ಒಡೆದು ಕೆಂಪಾದುದನ್ನು ಗಮನಿಸಲು ಇನ್ನೂ ಒಂದು ತಿಂಗಳು ಬೇಕಾಯಿತು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಪರಿಸರಕ್ಕೆ ಹಿತವಾದ, ಕೈಗೆಟಕುವ ಬೆಲೆಯ ಸಾಮಾನು ಯಾವುದು ಎಂದು ನಾನು ಹುಡುಕಲು ಹೊರಟದ್ದು ಅಲ್ಲಿಂದ. ಮೊದಲು ಮಾಡಿದ ಕೆಲಸಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಎರಡು ಖಾಲಿ ಬಾಟಲಿ ತೆಗೆದುಕೊಂಡು ಒಂದಕ್ಕೆ ಟ್ಯಾಂಕರ್ ನೀರು, ಇನ್ನೊಂದಕ್ಕೆ ಲವಣ ಸೋಸುವ ಆರ್.ಓ. ಯಂತ್ರದ ಕುಡಿಯುವ ನೀರು ತುಂಬಿ, ಎರಡಕ್ಕೂ ಮೈಸೋಪಿನ ಒಂದಿಷ್ಟು ತುರಿ ಹಾಕಿ ಜೋರಾಗಿ ಕುಲುಕಿದೆ. ಕುಡಿಯುವ ನೀರಿನ ಮೇಲೆ ದಪ್ಪ ನೊರೆ ನಿಂತಿತು. ಟ್ಯಾಂಕರ್ ನೀರು ಹಾಲಿನಂತೆ ಬೆಳ್ಳಗಾಗಿ, ಮೇಲೆ ಮೊಸರಿನ ಚೂರುಗಳಂಥದ್ದು ತೇಲಿತು.

ಸೋಪಿನ ಪ್ರತಿ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ನೀರನ್ನು ಹಿಡಿಯುತ್ತದೆ, ಬಾಲ ಜಿಡ್ಡನ್ನು ಹಿಡಿಯುತ್ತದೆ. ನೂರಾರು ಬಾಲಗಳು ಒಂದು ಎಣ್ಣೆಯ ಹನಿಗೆ ಚುಚ್ಚಿಕೊಂಡಾಗ ಆ ಹನಿ ಬಟ್ಟೆಯಿಂದ ಕಿತ್ತು ನೀರಿಗೆ ಬರುತ್ತದೆ. ಆದರೆ ಟ್ಯಾಂಕರುಗಳು ತರುವ ಬೋರ್‌ವೆಲ್ ನೀರು ನೆಲದಾಳದ ಕಲ್ಲುಪದರಗಳ ನಡುವೆ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿಕೊಂಡಿರುತ್ತದೆ. ಅವು ಸೋಪಿನ ತಲೆಯನ್ನೇ ಹಿಡಿದುಬಿಡುತ್ತವೆ. ಆಗ ಸೋಪು ಕರಗದ ಚರಟವಾಗುತ್ತದೆ. ನಾನು ಬಾಟಲಿಯಲ್ಲಿ ಕಂಡ ಮೊಸರು ಅದೇ. ಇದನ್ನೇ ನಾವು ಗಡಸು ನೀರು ಎನ್ನುವುದು. ಮುಂಬಯಿ ನಗರಕ್ಕೆ ನೀರು ಬರುವುದು ತುಳಸಿ, ವಿಹಾರ, ತಾನಸಾ, ಭಾತ್ಸಾ ಮೊದಲಾದ ಏಳು ಜಲಾಶಯಗಳಿಂದ. ಅವು ಮಳೆಯಿಂದ ತುಂಬುವಂಥವು, ಆ ನೀರು ಮೆದು. ಮಾಟುಂಗದಲ್ಲಿ ಒಂದು ಹಿಡಿ ಸಾಕಾಗುತ್ತಿದ್ದುದು ಪುಡಿಯ ಗುಣದಿಂದಲ್ಲ, ಆ ನೀರಿನ ಗುಣದಿಂದ.

ಬಟ್ಟೆಯ ಪುಡಿ ಸೋಪಲ್ಲ, ಡಿಟರ್ಜೆಂಟು. ಗಡಸು ನೀರಿನಲ್ಲಿ ಅದು ಸೋಪಿನಷ್ಟು ಸೋಲುವುದಿಲ್ಲ, ಆದರೂ ಒಂದು ಪಾಲು ನೀರಿನ ಗಡಸುತನಕ್ಕೇ ಖರ್ಚಾಗುತ್ತದೆ. ಆ ಪಾಲನ್ನು ಕಾಪಾಡಲೆಂದು ಪುಡಿಯಲ್ಲಿ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಬೇರೆ ವಸ್ತುಗಳನ್ನು ಸೇರಿಸುತ್ತಾರೆ. ಫಾಸ್ಫೇಟ್ ಅಂಥ ಒಂದು ವಸ್ತು. ಅದು ಕೆರೆ ಸೇರಿದರೆ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖಾಲಿಯಾಗುತ್ತದೆ, ಮೀನು ಸಾಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಬೆಂಕಿ ಹಿಡಿದುದನ್ನು ಕನ್ನಡಿಗರು ಮರೆತಿರಲಾರರು. ಆ ನೊರೆಯಲ್ಲಿ ಮನೆಮನೆಯ ಬಕೆಟ್ಟಿನ ಪಾಲೂ ಇತ್ತು.

ಇದೇ ಕೆಲಸಕ್ಕೆ ಅಗ್ಗದ ವಸ್ತುವೊಂದಿದೆ: ವಾಷಿಂಗ್ ಸೋಡಾ, ಇಲ್ಲಿನ ಕಿರಾಣಿಯವರ ಬಾಯಲ್ಲಿ ಧುಣ್ಯಾಚಾ ಸೋಡಾ. ರಸಾಯನಶಾಸ್ತ್ರದಲ್ಲಿ ಸೋಡಿಯಂ ಕಾರ್ಬೊನೇಟ್. ಅದು ಗಡಸು ನೀರಿನ ಕ್ಯಾಲ್ಸಿಯಮ್ಮನ್ನು ಸುಣ್ಣದ ಪುಡಿಯಂತೆ ತಳಕ್ಕಿಳಿಸುತ್ತದೆ. ಹೀಗೆಂದು ನಾನು ಅಕ್ಕನಿಗೆ ವಿವರಿಸುತ್ತಿದ್ದರೆ ಅವರು ನಕ್ಕು, ತಮ್ಮ ಊರಿನಲ್ಲಿ ಅಜ್ಜಿ ಸವಳು ಮಣ್ಣು ಕಲಸಿ ಬಟ್ಟೆ ನೆನೆಸುತ್ತಿದ್ದುದನ್ನು ಹೇಳಿದರು. ಹೌದು, ಅಗಸರು ಬಳಸುತ್ತಿದ್ದ ಆ ಕ್ಷಾರದ ಮಣ್ಣಿನಲ್ಲಿ ಇರುವುದೂ ಸೋಡಿಯಂ ಕಾರ್ಬೊನೇಟೇ. ಹೆಸರು ಗೊತ್ತಿಲ್ಲದೆಯೇ ಆ ಅಜ್ಜಿಗೆ ಅದರ ಕೆಲಸ ಗೊತ್ತಿತ್ತು.

ಆದರೆ ಎಚ್ಚರ ಬೇಕು. ಅದರ ಕ್ಷಾರಗುಣ ತೀಕ್ಷ್ಣವಾದುದು. ಚರ್ಮದ ಜಿಡ್ಡನ್ನೂ ಎಳೆದುಹಾಕುತ್ತದೆ. ನಾವು ಮಾಡುವುದು ಹೀಗೆ: ಬಕೆಟ್ ನೀರಿಗೆ ಒಂದು ಚಮಚ ಸೋಡಾ ಹಾಕಿ ಕೋಲಿನಿಂದ ಕಲಕಿ, ಬಟ್ಟೆ ನೆನೆಸಿಟ್ಟು, ಆ ನೀರು ಚೆಲ್ಲಿ ಒಮ್ಮೆ ಜಾಲಿಸಿದ ಮೇಲೆಯೇ ಕೈ ಹಾಕುವುದು. ರೇಷ್ಮೆಗೂ ಉಣ್ಣೆಗೂ ಇದು ಕೂಡದು. ಹೀಗೆ ಮಾಡಿದ ಮೇಲೆ ಪುಡಿ ಅರ್ಧಕ್ಕಿಳಿಯಿತು. ನೊರೆ ಕಡಿಮೆಯಾಯಿತು, ಕೊಳೆ ಉಳಿಯಲಿಲ್ಲ. ನೊರೆ ಎಂದರೆ ಗಾಳಿ ತುಂಬಿದ ಗುಳ್ಳೆ ಅಷ್ಟೇ. ಕೊಳೆ ತೆಗೆಯುವುದು ನೀರಿನೊಳಗಿರುವ ಅಣುಗಳು. ಮುಂಬಾಗಿಲಿನ (ಫ್ರಂಟ್ ಲೋಡ್) ಬಟ್ಟೆ ಒಗೆಯುವ ಯಂತ್ರಗಳಿಗೆ ಬರುವ ಪುಡಿ ಬೇಕೆಂದೇ ಕಡಿಮೆ ನೊರೆಯದ್ದಾಗಿರುತ್ತದೆ.

ಡಬ್ಬಿಯ ಮೇಲೆ ‘ಜೈವಿಕವಾಗಿ ಕರಗುತ್ತದೆ’ ಎಂದು ಬರೆದಿರುತ್ತದಲ್ಲ, ಅದನ್ನು ಓದಿ ನಾನೂ ಹೆಚ್ಚು ದುಡ್ಡು ಕೊಟ್ಟವಳು. ಇಂದಿನ ಸಾಮಾನ್ಯ ಪುಡಿಗಳಲ್ಲಿ ಹೆಚ್ಚಾಗಿ ಇರುವ ಡಿಟರ್ಜೆಂಟನ್ನು ಕೂಡ ಬ್ಯಾಕ್ಟೀರಿಯಾ ತಿಂದು ಮುಗಿಸಬಲ್ಲವು. ಆದರೆ ಅದಕ್ಕೆ ಆಮ್ಲಜನಕ ಬೇಕು. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಮುಂಬಯಿಯ ಮೀಠೀ ನದಿಯ ದಡದಲ್ಲಿ ಒಮ್ಮೆ ನಿಂತು ಮೂಗು ಹಿಡಿದವರಿಗೆ ಅಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೇಳಬೇಕಾಗಿಲ್ಲ. ಕರಗುವ ಗುಣ ವಸ್ತುವಿನಲ್ಲಿ ಅರ್ಧ ಇದ್ದರೆ ಅದು ಹೋಗಿ ಸೇರುವ ಜಾಗದಲ್ಲಿ ಇನ್ನರ್ಧ. ಹಾಗಾಗಿ ದುಬಾರಿ ಹಸಿರು ಡಬ್ಬಿಯ ಎರಡು ಹಿಡಿಗಿಂತ ಸಾಧಾರಣ ಪುಡಿಯ ಅರ್ಧ ಹಿಡಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಟುವಾಳದ ಕಾಯಿಯನ್ನು, ಇಲ್ಲಿನವರ ರೀಠಾವನ್ನು, ನಾನು ಪ್ರೀತಿಯಿಂದಲೇ ಬಳಸುತ್ತೇನೆ. ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿದರೆ ಸಿಗುವ ಕಂದು ನೀರಿನಲ್ಲಿ ಸಪೋನಿನ್ ಎಂಬ ನೊರೆಯ ವಸ್ತು ಇರುತ್ತದೆ. ರೇಷ್ಮೆ ಸೀರೆಗೆ, ಉಣ್ಣೆಗೆ, ಬೆಳ್ಳಿಗೆ, ತಲೆಗೂದಲಿಗೆ ಇದಕ್ಕಿಂತ ಮೃದುವಾದುದನ್ನು ನಾನು ಕಂಡಿಲ್ಲ. ಎಣ್ಣೆ ಹಿಡಿದ ಅಡುಗೆಮನೆಯ ಮಸಿಬಟ್ಟೆಗೆ ಮಾತ್ರ ಅದರ ಬಲ ಸಾಲದು. ಇನ್ನೊಂದು ಮಾತು: ನಿಸರ್ಗದಿಂದ ಬಂದದ್ದು ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ. ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಹಿಂದೆ ಇಂಥ ಕಾಯಿಗಳನ್ನು ಅರೆದು ಹೊಳೆಯ ಮಡುವಿಗೆ ಹಾಕಿ ಮೀನು ಹಿಡಿಯುವ ರೂಢಿಯೇ ಇತ್ತು. ಅದಕ್ಕೂ ಅಳತೆ ಬೇಕು.

ಹುಳಿಯ ವಿಷಯ ಚಿಕ್ಕದು. ನಲ್ಲಿ, ಕೆಟಲ್, ಬಕೆಟ್ಟಿನ ಮೇಲೆ ಕಟ್ಟುವ ಬಿಳಿ ಕಲೆ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಮ್ಲದ, ಒಂದು ಚಮಚ ಬಿಸಿನೀರಿನಲ್ಲಿ ಅದನ್ನು ಕರಗಿಸುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಇದ್ದೇ ಇದೆ. ಕೊಂಕಣದವರು ಹಳೆಯ ಕೋಕಂ ಸಿಪ್ಪೆಯನ್ನೂ ಬಳಸುತ್ತಾರೆ. ಮೊಬೈಲಿನಲ್ಲಿ ಹರಿದಾಡುವ ವಿನೆಗರ್ ಮತ್ತು ಅಡುಗೆ ಸೋಡಾದ ಮಿಶ್ರಣ ಬುಸುಗುಟ್ಟುವುದು ನೋಡಲು ಚೆಂದ. ಆದರೆ ಹುಳಿ ಕ್ಷಾರವನ್ನು, ಕ್ಷಾರ ಹುಳಿಯನ್ನು ಕೊಂದು ಕೊನೆಗೆ ಉಳಿಯುವುದು ಉಪ್ಪುನೀರಿನಂಥ ಸಪ್ಪೆ ದ್ರವ. ಮುಂಬಯಿಯ ಬಹಳಷ್ಟು ಅಡುಗೆಮನೆಗಳ ಕಟ್ಟೆ ಕಡಪಾ ಕಲ್ಲಿನದು. ಅದು ಸುಣ್ಣಕಲ್ಲು. ಅದರ ಮೇಲೆ ಯಾವ ಹುಳಿಯನ್ನೂ ಸುರಿಯಬಾರದು, ಹೊಳಪು ಹೋಗುತ್ತದೆ. ಬ್ಲೀಚಿನೊಂದಿಗೆ ಹುಳಿಯನ್ನು ಎಂದೆಂದಿಗೂ ಬೆರೆಸಬಾರದು: ಹೊರಬರುವುದು ಕ್ಲೋರಿನ್ ಅನಿಲ, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೆ ಅಪಾಯ.

ಇನ್ನು ಚೀಲದ ಕಥೆ. ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ಶಾಲು, ಹಣ್ಣಿನ ಜೊತೆ ಒಂದು ಬಟ್ಟೆಚೀಲ ಕೊಡುವುದು ಈಗ ರೂಢಿ. ನಮ್ಮ ಕಪಾಟಿನಲ್ಲಿ ಎಣಿಸಿದೆ, ಹದಿನೇಳು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಇಂಥ ಚೀಲಗಳ ಹುಟ್ಟಿನಿಂದ ಕೊನೆಯವರೆಗಿನ ಲೆಕ್ಕ ಹಾಕಿತ್ತು. ಹತ್ತಿ ಬೆಳೆಯಲು ನೀರು, ಗೊಬ್ಬರ, ನೂಲಲು ವಿದ್ಯುತ್ತು ಬೇಕಲ್ಲ. ಹವಾಮಾನದ ಮೇಲಿನ ಹೊರೆಯೊಂದನ್ನೇ ಗಣಿಸಿದರೂ ಹೊಸ ಹತ್ತಿ ಚೀಲವೊಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು 52 ಸಲ ಅಂಗಡಿಗೆ ಹೋಗಿ ಬರಬೇಕು. ಎಲ್ಲ ಬಗೆಯ ಹೊರೆಗಳನ್ನೂ ಗಣಿಸಿದರೆ ಸುಮಾರು 7,100 ಸಲ. ಸಾವಯವ ಹತ್ತಿಯದಾದರೆ 20,000. ಓದಿ ನಾನು ದಂಗಾದೆ. ಆದರೆ ಆ ಲೆಕ್ಕದಲ್ಲಿ ಬೀದಿಗೆ ಬೀಳುವ ಚೀಲದ ಹಾನಿ ಸೇರಿಲ್ಲ. ನಮಗೆ ಮುಖ್ಯವಾದುದು ಅದೇ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಹೋಗಬೇಕಾದ ಚರಂಡಿಗಳ ಬಾಯಿಗೆ ಪ್ಲಾಸ್ಟಿಕ್ ಅಡ್ಡ ನಿಂತಿತ್ತು. ಆ ರಾತ್ರಿ ಮಾಟುಂಗದ ಕಿಂಗ್ಸ್ ಸರ್ಕಲ್ಲಿನಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದ ನೆನಪು ನಮ್ಮ ಮನೆಯವರಿಗೆ ಈಗಲೂ ಇದೆ. ಮಹಾರಾಷ್ಟ್ರ 2018ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ್ದು ಸರಿಯೇ. ಅದರ ಜಾಗಕ್ಕೆ ಹದಿನೇಳು ಹೊಸ ಬಟ್ಟೆಚೀಲ ತಂದಿಡುವುದು ಸರಿಯಲ್ಲ. ಹಳೆಯ ಸೀರೆಯಿಂದ ಹೊಲಿದ ಒಂದೆರಡು ಸಾಕು. ಆ ಹತ್ತಿಯ ಋಣ ಸೀರೆ ಉಟ್ಟ ವರ್ಷಗಳಲ್ಲೇ ಬಹುಪಾಲು ತೀರಿರುತ್ತದೆ.

ಗೊಬ್ಬರವಾಗುವುದೆಂದು ಮಾರುವ ಕಸದ ಚೀಲಗಳಲ್ಲೂ ಪುಡಿಯದೇ ತೊಡಕು: ಕರಗುವುದು ಹೋಗಿ ಸೇರುವ ಜಾಗದ ಮೇಲೆ ನಿಂತಿದೆ. ಅವುಗಳಲ್ಲಿ ಹಲವು ಕರಗಲು ಸುಮಾರು 58 ಡಿಗ್ರಿ ಬಿಸಿಯ ದೊಡ್ಡ ಗೊಬ್ಬರ ಘಟಕವೇ ಬೇಕು. ಬಾಲ್ಕನಿಯ ಮಡಕೆ ಅಷ್ಟು ಕಾಯುವುದಿಲ್ಲ. ಹಸಿ ಕಸದ ಬುಟ್ಟಿಗೆ ಹಳೆಯ ಪತ್ರಿಕೆ ಹಾಸಿದರೆ ಚೀಲವೇ ಬೇಡ. ಅಂಗಡಿಯಲ್ಲಿ ಗುರುತು ನೋಡಿ ಕೊಳ್ಳುವುದಾದರೆ ಕೇಂದ್ರ ಸರ್ಕಾರದ ಇಕೋಮಾರ್ಕ್ ಇದೆ, ಮಣ್ಣಿನ ಮಡಕೆಯ ಚಿತ್ರ. 1991ರಿಂದ ಇದ್ದರೂ ನಾನು ಕಪಾಟುಗಳಲ್ಲಿ ಅದನ್ನು ಕಂಡದ್ದು ಅಪರೂಪ.

ಹಣ ಹಾಕುವುದೇ ಆದರೆ ತಲೆಯ ಮೇಲೆ ನೋಡಿ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಎಂಬ, ಬ್ರಷ್ ಇಲ್ಲದ ಹೊಸ ಬಗೆಯ ಮೋಟಾರಿನದು 35ರ ಆಸುಪಾಸು. ಮುಂಬಯಿಯ ಸೆಕೆಯಲ್ಲಿ ದಿನಕ್ಕೆ ಹದಿನೈದು ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್ ಉಳಿಯುತ್ತದೆ. ನಮ್ಮ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನದು, ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಫ್ಯಾನಿನಿಂದ ತಿಂಗಳಿಗೆ ಹನ್ನೆರಡು ಕಿಲೋಗೂ ಮೇಲೆ ಉಳಿತಾಯ. ಹಸಿರು ಸಾಮಾನೆಂದು ಮಾರುವ, ನೈಲಾನ್ ಎಳೆಗಳ ಬಿದಿರಿನ ಟೂತ್‌ಬ್ರಷ್ ಎಷ್ಟು ಕೊಂಡರೂ ಈ ಲೆಕ್ಕ ಮುಟ್ಟುವುದಿಲ್ಲ.

ಕಳೆದ ವರ್ಷ ಜುಲೈಯಲ್ಲಿ ಟ್ಯಾಂಕರ್ ನಿಂತು ನಲ್ಲಿಯ ನೀರು ಬಂದಾಗ ಮತ್ತೆ ಬಾಟಲಿ ಕುಲುಕಿದೆವು. ನೊರೆ ನಿಂತಿತು. ಪುಡಿಯ ಡಬ್ಬಿಯಲ್ಲಿ ಈಗ ಎರಡು ಚಮಚಗಳಿವೆ, ಬೇಸಿಗೆಗೊಂದು, ಮಳೆಗಾಲಕ್ಕೆ ಅದಕ್ಕಿಂತ ಚಿಕ್ಕದೊಂದು. ಅಕ್ಕನ ಬೆರಳುಗಳು ವಾಸಿಯಾಗಿವೆ, ಆದರೆ ಅವರು ದಿನಕ್ಕೆ ಇನ್ನೂ ಮೂರು ಮನೆಗಳಲ್ಲಿ ಬಟ್ಟೆ ಒಗೆಯುತ್ತಾರೆ. ಆ ಮನೆಗಳಿಗೂ ಒಂದೊಂದು ಚಮಚ ಬೇಕೆಂದು ಕೇಳಿ ಒಯ್ದರು. ಎರಡು ಮನೆಯವರು ಒಪ್ಪಿದ್ದಾರೆ. ಮೂರನೆಯ ಮನೆಗೆ ಬಾಟಲಿ ಹಿಡಿದು ನಾನೇ ಹೋಗಬೇಕು.