ಮಂಪರು ಯಾವ ಮದ್ದಿನದು?

ಮೂರ್ಛೆರೋಗಕ್ಕೆ, ಅಂದರೆ ಫಿಟ್ಸ್‌ಗೆ ಕೊಡುವ ಎಪಿಡಿಯೋಲೆಕ್ಸ್ ಎಂಬ ಮದ್ದು ಶುರುವಾದ ಎರಡನೆಯ ವಾರಕ್ಕೆ ಮಗು ಶಾಲೆಯಲ್ಲಿ ಮೇಜಿಗೆ ತಲೆ ಆನಿಸಿ ಮಲಗತೊಡಗಿದರೆ ಮನೆಯವರಿಗೆ ಮೊದಲು ಹೊಳೆಯುವುದು ಒಂದೇ: ಗಾಂಜಾ ಗಿಡದಿಂದ ತೆಗೆದ ಔಷಧವಲ್ಲವೇ, ಅಮಲೇರಿರಬೇಕು. ಹಾಗನ್ನಿಸುವುದು ಸಹಜ. ಆದರೆ ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಬೇರೆ, ಈ ಔಷಧದಲ್ಲಿರುವ ಕ್ಯಾನಬಿಡಿಯಾಲ್ ಬೇರೆ. ಅದನ್ನು ಚುಟುಕಾಗಿ ಸಿಬಿಡಿ ಎನ್ನುತ್ತಾರೆ. ಗಿಡ ಒಂದೇ ಆದರೂ ಮಿದುಳಿನಲ್ಲಿ ಇವೆರಡರ ದಾರಿ ಒಂದಲ್ಲ. ಆ ಮಗು ಫಿಟ್ಸ್‌ಗೆಂದೇ ಮೊದಲಿನಿಂದ ಕ್ಲೋಬಜಾಮ್ ಎಂಬ ಮಾತ್ರೆಯನ್ನೂ ನುಂಗುತ್ತಿದ್ದರೆ, ಮಂಪರಿಗೆ ಹೆಚ್ಚಿನ ಪಾಲು ಕಾರಣ ಆ ಹಳೆಯ ಮಾತ್ರೆಯೇ. ಹೊಸ ಮದ್ದು ಅದರ ಬಲ ಹೆಚ್ಚಿಸಿದೆ, ಅಷ್ಟೆ.

ಈ ಔಷಧದ ಅಡ್ಡಪರಿಣಾಮಗಳ ಬಗ್ಗೆ ಮಾತಾಡುವಾಗ ಬಾಟಲಿಯೊಂದನ್ನೇ ನೋಡುತ್ತ ಕೂತರೆ ಅರ್ಧ ಸಂಗತಿ ಕಾಣುವುದೇ ಇಲ್ಲ. ಜೊತೆಗಿರುವ ಮಾತ್ರೆಗಳೇನು, ಊಟವೇನು, ಡೋಸ್ ಎಷ್ಟು ವೇಗದಲ್ಲಿ ಏರಿತು, ಇವೆಲ್ಲ ಸೇರಿಯೇ ತೊಂದರೆ ಹುಟ್ಟುತ್ತದೆ. ನಿಭಾಯಿಸುವ ದಾರಿಯೂ ಅಲ್ಲಿಯೇ ಸಿಗುತ್ತದೆ.

ಗಾಂಜಾ ಗಿಡಕ್ಕೂ ಮೂರ್ಛೆರೋಗಕ್ಕೂ ಇರುವ ನಂಟು ಹೊಸದಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಕಲ್ಕತ್ತೆಯಲ್ಲಿದ್ದ ವೈದ್ಯ ಡಬ್ಲ್ಯೂ. ಬಿ. ಓಶಾಗ್ನೆಸಿ, ಫಿಟ್ಸ್‌ನಿಂದ ಒದ್ದಾಡುತ್ತಿದ್ದ 40 ದಿನದ ಕೂಸಿಗೆ ಗಾಂಜಾ ಅರ್ಕ ಕೊಟ್ಟು ನೋಡಿದ್ದನ್ನು ಬರೆದಿಟ್ಟಿದ್ದಾನೆ. ಆದರೆ ಅರ್ಕದಲ್ಲಿ ಏನಿದೆ, ಎಷ್ಟಿದೆ ಎಂದು ಅಂದು ಹೇಳುವವರಿರಲಿಲ್ಲ. ಬ್ರಿಟನ್ನಿನ ಜಿಡಬ್ಲ್ಯೂ ಫಾರ್ಮಾಸ್ಯುಟಿಕಲ್ಸ್ ಕಂಪನಿ ಗಿಡದಿಂದ ಸಿಬಿಡಿಯನ್ನು ಶುದ್ಧವಾಗಿ ಬೇರ್ಪಡಿಸಿ, ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವಂತೆ ಎಳ್ಳೆಣ್ಣೆಯಲ್ಲಿ ಕರಗಿಸಿ ಔಷಧವಾಗಿಸಿತು. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲ ಬಗೆಯ ಫಿಟ್ಸ್‌ಗೂ ಅಲ್ಲ, ಡ್ರಾವೆ ಸಿಂಡ್ರೋಮ್ ಮತ್ತು ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್ ಎಂಬ ಎರಡು ಕಠಿಣ ಕಾಯಿಲೆಗಳಿಗೆ ಮಾತ್ರ. 2020ರಲ್ಲಿ ಈ ಪಟ್ಟಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ, ಮಿದುಳು ಮತ್ತಿತರ ಅಂಗಗಳಲ್ಲಿ ಗಡ್ಡೆ ಬೆಳೆಯುವ ಕಾಯಿಲೆಯೂ ಸೇರಿತು.

ಡ್ರಾವೆ ಇರುವ ಮಗುವಿನ ಮನೆಯನ್ನು ಬಲ್ಲವರಿಗೆ ಈ ಔಷಧದ ಬೆಲೆ ಗೊತ್ತು. 2017ರಲ್ಲಿ ಪ್ರಕಟವಾದ 120 ಮಕ್ಕಳ ಪ್ರಯೋಗದಲ್ಲಿ, ಔಷಧ ಪಡೆದವರಲ್ಲಿ ತಿಂಗಳಿಗೆ 12.4 ಇದ್ದ ಸೆಳವಿನ ಮಧ್ಯಮಾಂಕ 5.9ಕ್ಕೆ ಇಳಿಯಿತು. ಹೋಲಿಕೆಗೆಂದು ಔಷಧವಿಲ್ಲದ ಸಪ್ಪೆ ದ್ರವ ಪಡೆದ ಗುಂಪಿನಲ್ಲಿ 14.9 ಇದ್ದದ್ದು 14.1 ಆಯಿತು, ಅಂದರೆ ಇದ್ದಲ್ಲೇ ಇತ್ತು. ಅದೇ ಪ್ರಯೋಗದಲ್ಲಿ ಅಡ್ಡಪರಿಣಾಮ ತಡೆಯಲಾಗದೆ ಹೊರಬಂದವರು ಔಷಧದ ಗುಂಪಿನಲ್ಲಿ 8, ಇನ್ನೊಂದರಲ್ಲಿ 1. ಈ ಎಂಟು ಮಂದಿಯ ಬಗ್ಗೆ ನನಗೆ ಕಾಳಜಿ. ಫಲ ಕೊಡಬಲ್ಲ ಔಷಧ, ಸರಿಯಾಗಿ ನಿಭಾಯಿಸಲಿಲ್ಲ ಎಂಬ ಕಾರಣಕ್ಕೆ ಯಾವ ಮಗುವಿನ ಕೈತಪ್ಪಿಯೂ ಹೋಗಬಾರದು.

ಕ್ಲೋಬಜಾಮ್ ಸಂಗತಿಗೆ ಬರೋಣ. ನಮ್ಮಲ್ಲಿ ಫ್ರಿಸಿಯಂ ಎಂಬ ಹೆಸರಿನಲ್ಲಿ ಸಿಗುವ ಮಾತ್ರೆ ಇದೇ. ಡ್ರಾವೆ ಪ್ರಯೋಗದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದನ್ನು ಮೊದಲೇ ತೆಗೆದುಕೊಳ್ಳುತ್ತಿದ್ದರು. ಲಿವರಿನಲ್ಲಿ ಇದು ಮೊದಲು ಎನ್-ಡೆಸ್ಮಿಥೈಲ್‌ಕ್ಲೋಬಜಾಮ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಈ ಎರಡನೆಯ ರೂಪಕ್ಕೂ ಔಷಧದ ಗುಣವಿದೆ, ನಿದ್ದೆ ಬರಿಸುವ ಗುಣವೂ ಇದೆ. ಅದನ್ನು ದೇಹದಿಂದ ಹೊರಹಾಕಲು ಒಡೆಯುವ ಕಿಣ್ವದ ಹೆಸರು ಸಿವೈಪಿ2ಸಿ19. ಸಿಬಿಡಿ ಬಂದು ಈ ಕಿಣ್ವದ ಕೆಲಸವನ್ನು ತಡೆಯುತ್ತದೆ. ಕೆರೆಗೆ ಬರುವ ನೀರು ಹೆಚ್ಚಾಗದಿದ್ದರೂ ತೂಬು ಮುಚ್ಚಿದರೆ ನೀರು ಏರುವುದಿಲ್ಲವೇ? ಇಲ್ಲೂ ಹಾಗೆಯೇ. ಕ್ಲೋಬಜಾಮ್ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಎರಡನೆಯ ರೂಪದ ಮಟ್ಟ ಸುಮಾರು ಮೂರು ಪಟ್ಟಾಗುತ್ತದೆ. ಮನೆಯವರ ಲೆಕ್ಕದಲ್ಲಿ ಹಳೆಯ ಡೋಸ್, ಮಿದುಳಿನ ಲೆಕ್ಕದಲ್ಲಿ ಹೊಸದೇ ಡೋಸ್.

ಪ್ರಯೋಗಗಳ ಅಂಕಿ ಇದನ್ನೇ ಹೇಳುತ್ತದೆ. ಸಿಬಿಡಿ ಜೊತೆ ಕ್ಲೋಬಜಾಮ್ ಕೂಡ ಇದ್ದವರಲ್ಲಿ ಶೇ. 46 ಮಂದಿಗೆ ತೂಕಡಿಕೆ, ಮಂಪರು ಕಂಡಿತು. ಕ್ಲೋಬಜಾಮ್ ಇಲ್ಲದವರಲ್ಲಿ ಶೇ. 16. ಹಾಗಾಗಿ ಮಗು ವಿಪರೀತ ಮಲಗುತ್ತಿದ್ದರೆ, ನಡೆಯುವಾಗ ತೂರಾಡಿದರೆ, ಮೊದಲಿಗಿಂತ ಹೆಚ್ಚು ಜೊಲ್ಲು ಸುರಿಸಿದರೆ, ನರರೋಗ ತಜ್ಞರು ಅನೇಕ ಸಲ ಮೊದಲು ಇಳಿಸುವುದು ಕ್ಲೋಬಜಾಮನ್ನೇ. ಆಗ ಹೊಸ ಔಷಧ ನಿಲ್ಲಿಸದೆಯೂ ಮಂಪರು ಕಡಿಮೆಯಾಗಬಹುದು. ಮನೆಯವರು ತಾವಾಗಿಯೇ ಮಾತ್ರೆ ಮುರಿದು ಇಳಿಸಬಾರದು, ಅಂಥ ಔಷಧ ದಿಢೀರನೆ ಕಡಿಮೆಯಾದರೆ ಸೆಳವು ತಿರುಗಿ ಬರಬಹುದು. ಆದರೆ "ಡಾಕ್ಟ್ರೇ, ಕ್ಲೋಬಜಾಮ್ ಸ್ವಲ್ಪ ಇಳಿಸಿ ನೋಡಬಹುದೇ?" ಎಂದು ಕೇಳುವುದಕ್ಕೆ ಹಿಂಜರಿಯಬೇಕಿಲ್ಲ. ಜೊಲ್ಲು, ಕಫ ಹೆಚ್ಚಿದ ಮಗುವಿಗೆ ಜ್ವರ, ಕೆಮ್ಮು ಬಂದರೆ ನ್ಯುಮೋನಿಯಾದ ಅನುಮಾನವನ್ನೂ ಇಟ್ಟುಕೊಳ್ಳಬೇಕು.

ಈ ಕಿಣ್ವ ಎಲ್ಲರಲ್ಲೂ ಒಂದೇ ಚುರುಕಿನಲ್ಲಿ ಇರುವುದಿಲ್ಲ. ಹುಟ್ಟಿನಿಂದಲೇ ಅದು ಮಂದವಾಗಿರುವವರ ಪ್ರಮಾಣ ಯೂರೋಪಿಯನ್ನರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅಂಥವರಲ್ಲಿ ಸಿಬಿಡಿ ಬರುವ ಮೊದಲೇ ಕ್ಲೋಬಜಾಮಿನ ಎರಡನೆಯ ರೂಪ ಹೆಚ್ಚಿನ ಮಟ್ಟದಲ್ಲಿರುತ್ತದೆ. ಡ್ರಾವೆಗೆ ಕೊಡುವ ಸ್ಟಿರಿಪೆಂಟಾಲ್ ಕೂಡ ಇದೇ ಕಿಣ್ವವನ್ನು ತಡೆಯುವುದರಿಂದ, ಅದನ್ನು ಮೊದಲೇ ತೆಗೆದುಕೊಳ್ಳುತ್ತಿದ್ದ ಮಕ್ಕಳಲ್ಲಿ ಸಿಬಿಡಿ ಸೇರಿಸಿದಾಗ ಈ ಏರಿಕೆ ಅಷ್ಟಾಗಿ ಕಾಣಲಿಲ್ಲ. ವೈದ್ಯರ ಬಳಿ ಹೋಗುವಾಗ ಎಲ್ಲ ಔಷಧಗಳ ಡಬ್ಬಿ, ಚೀಟಿಗಳನ್ನು ಒಟ್ಟಿಗೆ ಒಯ್ಯಬೇಕು ಎನ್ನುವುದು ಇದಕ್ಕೇ.

ಇನ್ನು ಲಿವರ್. ಇಲ್ಲಿ ಜೊತೆಗಾರ ಬೇರೆ: ವಾಲ್ಪ್ರೊಯೇಟ್, ಅಂದರೆ ನಮ್ಮ ಮನೆಗಳಲ್ಲಿ ವಾಲ್ಪರಿನ್, ಎನ್‌ಕೊರೇಟ್ ಎಂಬ ಹೆಸರಿನಲ್ಲಿ ಪರಿಚಿತವಾದದ್ದು. ಲಿವರಿನ ಜೀವಕೋಶಕ್ಕೆ ಪೆಟ್ಟಾದರೆ ಎಎಲ್‌ಟಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಅದು ಸಹಜ ಮಿತಿಯ ಮೂರು ಪಟ್ಟು ದಾಟಿದವರು, ಸಿಬಿಡಿ ಜೊತೆ ವಾಲ್ಪ್ರೊಯೇಟ್ ಮತ್ತು ಕ್ಲೋಬಜಾಮ್ ಎರಡೂ ಇದ್ದವರಲ್ಲಿ ಶೇ. 30, ವಾಲ್ಪ್ರೊಯೇಟ್ ಮಾತ್ರ ಇದ್ದವರಲ್ಲಿ ಶೇ. 21. ಕ್ಲೋಬಜಾಮ್ ಮಾತ್ರ ಇದ್ದವರಲ್ಲಿ ಶೇ. 4, ಎರಡೂ ಇಲ್ಲದವರಲ್ಲಿ ಶೇ. 3. ಈ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ಓದಿ. ಒಂದೇ ಔಷಧ, ಆದರೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅಪಾಯ ಹತ್ತು ಪಟ್ಟು ಬದಲಾಗುತ್ತದೆ.

ಅದಕ್ಕಾಗಿ ಔಷಧ ಶುರುಮಾಡುವ ಮೊದಲು ಒಮ್ಮೆ, ಬಳಿಕ ಒಂದು, ಮೂರು ಮತ್ತು ಆರನೆಯ ತಿಂಗಳಲ್ಲಿ ಲಿವರ್ ಪರೀಕ್ಷೆ ಮಾಡಿಸುತ್ತಾರೆ. ವಾಲ್ಪ್ರೊಯೇಟ್ ಇದ್ದರೆ, ಡೋಸ್ ಏರಿಸಿದರೆ ಇನ್ನೂ ಬೇಗ ಬೇಗ. ಮಗು ಲವಲವಿಕೆಯಿಂದಿದೆ ಎಂದು ರಕ್ತ ಕೊಡಿಸುವುದನ್ನು ಮುಂದೂಡಬಾರದು, ಏಕೆಂದರೆ ಮೊದಲ ಹಂತದ ಏರಿಕೆಗೆ ಹೊರಗೆ ಕಾಣುವ ಲಕ್ಷಣವೇ ಇರುವುದಿಲ್ಲ. ಸಮಾಧಾನದ ಸಂಗತಿಯೂ ಇದೆ. ಪ್ರಯೋಗಗಳಲ್ಲಿ ಹೀಗೆ ಏರಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಸಿಬಿಡಿ ನಿಲ್ಲಿಸಿದ ಮೇಲೆ, ಅಥವಾ ಸಿಬಿಡಿಯನ್ನೋ ವಾಲ್ಪ್ರೊಯೇಟನ್ನೋ ಇಳಿಸಿದ ಮೇಲೆ ಮಟ್ಟ ಸರಿಹೋಯಿತು. ಉಳಿದವರಲ್ಲಿ ಡೋಸ್ ಮುಟ್ಟದಿದ್ದರೂ ತಾನಾಗಿ ಇಳಿಯಿತು. ಕಣ್ಣು ಹಳದಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ವಾಂತಿ ಅಥವಾ ಬಲಪಕ್ಕೆಯ ಮೇಲ್ಭಾಗದಲ್ಲಿ ನೋವು ಬಂದರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಂದೇ ಹೋಗಿ.

ಹೊಟ್ಟೆಯ ತೊಂದರೆಗಳಲ್ಲಿ ಡೋಸ್‌ನದೇ ಆಟ. ದಿನಕ್ಕೆ ತೂಕದ ಕೆಜಿಗೆ 20 ಮಿಲಿಗ್ರಾಂ ಪಡೆದವರಲ್ಲಿ ಶೇ. 20 ಮಂದಿಗೆ ಭೇದಿಯಾಯಿತು. 10 ಮಿಲಿಗ್ರಾಂ ಪಡೆದವರಲ್ಲಿ ಶೇ. 9, ಸಪ್ಪೆ ದ್ರವದ ಗುಂಪಿನಲ್ಲೂ ಶೇ. 9! ಹಸಿವು ಕಡಿಮೆಯಾದವರು ಕ್ರಮವಾಗಿ ಶೇ. 22, 16 ಮತ್ತು 5. ಇದರ ಪಕ್ಕದಲ್ಲೇ ಇಡಬೇಕಾದ ಅಂಕಿ ಇನ್ನೊಂದಿದೆ. 2018ರಲ್ಲಿ ಪ್ರಕಟವಾದ ಲೆನಾಕ್ಸ್-ಗ್ಯಾಸ್ಟೋ ಪ್ರಯೋಗದಲ್ಲಿ ಧೊಪ್ಪನೆ ಬೀಳಿಸುವ ಸೆಳವುಗಳು 20 ಮಿಲಿಗ್ರಾಂನಲ್ಲಿ ಶೇ. 41.9 ಇಳಿದವು, 10 ಮಿಲಿಗ್ರಾಂನಲ್ಲಿ ಶೇ. 37.2. ಡೋಸ್ ಇಮ್ಮಡಿಯಾದರೂ ಫಲ ಇಮ್ಮಡಿಯಾಗಲಿಲ್ಲ, ಭೇದಿ ಮಾತ್ರ ಇಮ್ಮಡಿಯಾಯಿತು. 10ರಲ್ಲಿ ನಿಂತು ಕೆಲವು ವಾರ ಕಾದು ನೋಡುವುದೇ ಹೆಚ್ಚಿನ ಮಕ್ಕಳಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೆಲವರಿಗೆ 20 ಬೇಕೇ ಆಗುತ್ತದೆ, ಅದು ಬೇರೆ ಮಾತು.

20 ಕೆಜಿ ತೂಕದ ಮಗುವಿನ ಲೆಕ್ಕ ನೋಡಿ. ಮೊದಲ ವಾರ ಬೆಳಿಗ್ಗೆ ಅರ್ಧ ಮಿಲಿಲೀಟರ್, ರಾತ್ರಿ ಅರ್ಧ ಮಿಲಿಲೀಟರ್. ಒಂದು ವಾರದ ಬಳಿಕ ಒಂದೊಂದು. ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಇರುವವರಿಗೆ ಗರಿಷ್ಠ ಡೋಸ್ ಎಂದರೆ ಎರಡೆರಡು. ಇಷ್ಟು ಚಿಕ್ಕ ಅಳತೆಯಲ್ಲಿ ಅಡುಗೆಮನೆಯ ಚಮಚ ಹಿಡಿದರೆ ಡೋಸ್ ಎಲ್ಲಿಗೋ ಹೋಗುತ್ತದೆ. ಔಷಧದ ಜೊತೆ ಬರುವ ಸಿರಿಂಜಿನಲ್ಲೇ ಎಳೆದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬೇಕು. ಸಿರಿಂಜ್ ತೊಳೆದ ಮೇಲೆ ಪೂರ್ತಿ ಒಣಗಲಿ. ನೀರಿನ ಹನಿ ಉಳಿದರೆ ಎಣ್ಣೆಯ ಔಷಧ ಮಬ್ಬಾಗುತ್ತದೆ. ಬಾಟಲಿಯನ್ನು ಫ್ರಿಜ್‌ನಲ್ಲಿಡಬಾರದು, ತೆರೆದ 12 ವಾರಗಳ ನಂತರ ಉಳಿದದ್ದನ್ನು ಬಳಸಬಾರದು. ಎಳ್ಳಿನ ಅಲರ್ಜಿ ಇರುವವರಿಗೆ ಇದು ಸಲ್ಲದು.

ಊಟದ ವಿಷಯದಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು. ಸಿಬಿಡಿ ಕೊಬ್ಬಿನಲ್ಲಿ ಕರಗುವ ವಸ್ತು. ಬರಿಹೊಟ್ಟೆಗೆ ಹೋಲಿಸಿದರೆ ಜಿಡ್ಡು ಹೆಚ್ಚಿರುವ ಊಟದ ಜೊತೆ ಕೊಟ್ಟಾಗ ರಕ್ತಕ್ಕೆ ಸೇರುವ ಒಟ್ಟು ಪ್ರಮಾಣ ಸುಮಾರು ನಾಲ್ಕು ಪಟ್ಟು, ಗರಿಷ್ಠ ಮಟ್ಟ ಐದು ಪಟ್ಟು. ಬರಿಯ ಹಾಲಿನಿಂದಲೂ ಹೆಚ್ಚುತ್ತದೆ. ಸೋಮವಾರ ತುಪ್ಪ ಸುರಿದ ಪೊಂಗಲ್ ಮೇಲೆ, ಮಂಗಳವಾರ ಖಾಲಿ ಹೊಟ್ಟೆಗೆ, ಬುಧವಾರ ಗಂಜಿಯ ಜೊತೆ ಕೊಟ್ಟರೆ, ಅಳತೆ ಒಂದೇ ಇದ್ದರೂ ಮೂರು ದಿನ ಮೂರು ಡೋಸ್ ಕೊಟ್ಟ ಹಾಗೆ. ಒಂದು ದಿನ ಮಂಪರು, ಮರುದಿನ ಸೆಳವು ಎಂದು ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಊಟದ ಜೊತೆ ಕೊಡುವುದಾದರೆ ದಿನವೂ ಹೆಚ್ಚುಕಡಿಮೆ ಅದೇ ಬಗೆಯ ಊಟದ ಜೊತೆ, ಅದೇ ಹೊತ್ತಿಗೆ ಕೊಡಿ. ಹಬ್ಬ, ಉಪವಾಸ, ಪ್ರಯಾಣದ ದಿನಗಳಲ್ಲಿ ಇದು ನೆನಪಿರಲಿ.

ಹಸಿವು ಕಡಿಮೆಯಾದ ಮಗುವನ್ನು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಡೋಸ್ ನಿಗದಿಯಾಗುವುದೇ ತೂಕದ ಮೇಲೆ. ಕೊಟ್ಟ ಹೊತ್ತು, ತಿಂದದ್ದು, ನಿದ್ದೆ, ಸೆಳವು ಇವೂ ಅದೇ ಪುಸ್ತಕದಲ್ಲಿರಲಿ.

ಬೇರೆ ಔಷಧಗಳ ಪಟ್ಟಿ ಉದ್ದವಿದೆ, ಮುಖ್ಯವಾದದ್ದಷ್ಟನ್ನು ಹೇಳುತ್ತೇನೆ. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರು ತೆಗೆದುಕೊಳ್ಳುವ ಎವರೊಲಿಮಸ್ ಎಂಬ ಮದ್ದಿನ ಮಟ್ಟವನ್ನು ರಕ್ತದಲ್ಲಿ ಸಿಬಿಡಿ ಸುಮಾರು ಎರಡೂವರೆ ಪಟ್ಟು ಏರಿಸುತ್ತದೆ. ಬಾಯಿಹುಣ್ಣು ಎದ್ದರೆ ಎವರೊಲಿಮಸ್ ಮಟ್ಟವನ್ನು ಪರೀಕ್ಷಿಸಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧ, ಅದು ಸಿಬಿಡಿಯನ್ನೇ ಬೇಗ ಒಡೆದು ಫಲ ಕುಗ್ಗಿಸುತ್ತದೆ. ಕೆಫೀನ್ ಕೂಡ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆದ್ದರಿಂದ ದೊಡ್ಡ ರೋಗಿಗಳು ನಿದ್ದೆ ಬಾರದೆ ಹೊರಳಾಡುವಾಗ ಸಂಜೆಯ ಕಾಫಿ ಬಿಟ್ಟು ನೋಡಬೇಕು. ಫಿಟ್ಸ್‌ನ ಯಾವ ಔಷಧದಲ್ಲಾದರೂ ಮನಸ್ಸು ಕುಸಿಯುವ, ಜೀವದ ಬಗ್ಗೆ ಬೇಸರ ಹುಟ್ಟುವ ಸಾಧ್ಯತೆ ಅಲ್ಪ ಪ್ರಮಾಣದಲ್ಲಿದೆ, ಇದರಲ್ಲೂ ಇದೆ. ಹದಿಹರೆಯದವರು ಮಾತು ಬಿಟ್ಟು ಒಳಗೊಳಗೇ ಕುಗ್ಗುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಎಪಿಡಿಯೋಲೆಕ್ಸ್ ದುಬಾರಿ ಎಂದು ಆನ್‌ಲೈನ್‌ನಲ್ಲಿ ಸಿಗುವ ಸಿಬಿಡಿ ಎಣ್ಣೆಗೆ ಕೈಹಾಕುವವರಿದ್ದಾರೆ. ಅಮೆರಿಕದಲ್ಲಿ ಆನ್‌ಲೈನ್ ಕೊಂಡ ಇಂಥ 84 ಸರಕುಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು ಶೇ. 31ರಲ್ಲಿ ಮಾತ್ರ, 18 ಸರಕುಗಳಲ್ಲಿ ಟಿಎಚ್‌ಸಿ ಕೂಡ ಇತ್ತು. ಡೋಸ್ ಎಷ್ಟೆಂದು ಗೊತ್ತಿಲ್ಲದೆ ಅಡ್ಡಪರಿಣಾಮವನ್ನು ನಿಭಾಯಿಸುವುದು ಸಾಧ್ಯವೇ ಇಲ್ಲ. ನಮ್ಮಲ್ಲಿ ಗಾಂಜಾ ಗಿಡದ್ದೇ ಜಾತಿಯ ಹೆಂಪ್ ಎಂಬ ಗಿಡದ ಬೀಜವನ್ನು 2021ರಲ್ಲಿ ಆಹಾರವಾಗಿ ಮಾರಲು ಅನುಮತಿ ಸಿಕ್ಕಿದ ಮೇಲೆ ಅಂಗಡಿಗಳಲ್ಲಿ ಹೆಂಪ್ ಬೀಜದೆಣ್ಣೆ ಕಾಣುತ್ತಿದೆ. ಅದು ಆಹಾರ, ಅದರಲ್ಲಿ ಫಿಟ್ಸ್ ತಡೆಯುವಷ್ಟು ಸಿಬಿಡಿ ಇಲ್ಲ. ಅದನ್ನು ನೆಚ್ಚಿ ಮಾತ್ರೆ ಬಿಟ್ಟರೆ ಮಗುವಿನ ಜೀವಕ್ಕೇ ಕುತ್ತು.

ಕೊನೆಯದಾಗಿ, ನಿಲ್ಲಿಸುವ ಹೊತ್ತು. ಅಡ್ಡಪರಿಣಾಮ ತಾಳಲಾಗದೆ ಅಥವಾ ಫಲ ಕಾಣದೆ ಸಿಬಿಡಿ ಬಿಡಬೇಕಾಗಿ ಬಂದರೆ ಸಾಮಾನ್ಯವಾಗಿ ಅದನ್ನು ಹಂತಹಂತವಾಗಿ ಇಳಿಸುತ್ತಾರೆ. ಆಗ ಒಂದು ಸಂಗತಿ ಕಣ್ತಪ್ಪಿ ಹೋಗಬಹುದು. ಮಂಪರಿನ ಕಾರಣಕ್ಕೆ ಮೊದಲೇ ಕ್ಲೋಬಜಾಮ್ ಇಳಿಸಿದ್ದರೆ, ಸಿಬಿಡಿ ಹೋಗುತ್ತಿದ್ದಂತೆ ಕಿಣ್ವ ಮತ್ತೆ ಕೆಲಸ ಶುರುಮಾಡುತ್ತದೆ. ಕ್ಲೋಬಜಾಮಿನ ಎರಡನೆಯ ರೂಪವೂ ರಕ್ತದಿಂದ ಇಳಿಯತೊಡಗುತ್ತದೆ. ಬಿಟ್ಟದ್ದು ಒಂದು ಔಷಧ, ಮಗು ಕಳೆದುಕೊಂಡದ್ದು ಎರಡರ ಬಲ. ಇವೆರಡೂ ದೇಹದಿಂದ ನಿಧಾನವಾಗಿ ಹೋಗುವುದರಿಂದ ಸೆಳವು ಅಂದೇ ಹೆಚ್ಚದೆ ವಾರ ಕಳೆದ ಮೇಲೆ ಹೆಚ್ಚಬಹುದು, ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಸಿಬಿಡಿ ಇಳಿಸುವ ಮಾತು ಬಂದ ದಿನವೇ "ಕ್ಲೋಬಜಾಮನ್ನು ಹಳೆಯ ಡೋಸ್‌ಗೆ ಯಾವಾಗ ಏರಿಸಬೇಕು?" ಎಂದು ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ತೂಕ ಬರೆದಿಟ್ಟ ಅದೇ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದುಕೊಳ್ಳಿ.